ಅಂಬಾರಾಯನ ಕಿವಿ, ಅಳಿಯನ ಮಷೀನು

ಭಗವಂತ ಪ್ರತಿಯೊಬ್ಬನಿಗೂ ಎಲ್ಲೋ ಒಂದು ಕಡೆ ಕೈ ಸಡಿಲ ಬಿಟ್ಟು ಕೊಟ್ಟಿರುತ್ತಾನೆ. ಶಹಾಬಾದದ ಅಂಬಾರಾಯನಿಗೆ ಅವನು ಹೊಲ ಕೊಡಲಿಲ್ಲ, ಎತ್ತರ ಕೊಡಲಿಲ್ಲ. ತಲೆಗೂದಲು ಕೊಟ್ಟಂತೆ ಮಾಡಿ ಮೂವತ್ತು ತುಂಬುವುದರೊಳಗೆ ಹಿಂದಕ್ಕೆ ತೆಗೆದುಕೊಂಡ. ಆದರೆ ಕಿವಿ ಕೊಡುವಾಗ ಮಾತ್ರ ಅಳೆಯಲಿಲ್ಲ, ತೂಗಲಿಲ್ಲ. ಬೊಗಸೆ ಬೊಗಸೆ ಸುರಿದುಬಿಟ್ಟ.

ಅಂಬಾರಾಯನ ಕಸುಬು ಫರ್ಸಿ ಆರಿಸುವುದು. ಗಣಿಯಿಂದ ಎದ್ದು ಬಂದ ಹಾಸುಗಲ್ಲನ್ನು ಗೋಡೆಗೆ ಆನಿಸಿ ನಿಲ್ಲಿಸುತ್ತಾರೆ. ಅಂಬಾರಾಯ ಗೇಣುದ್ದದ ಕಬ್ಬಿಣದ ಸರಳು ಹಿಡಿದು ಬರುತ್ತಾನೆ. ನಾಲ್ಕು ಮೂಲೆಗೆ ನಾಲ್ಕು, ನಡುವಿಗೆ ಒಂದು, ಒಟ್ಟು ಐದು ಏಟು. ಕಲ್ಲು ಗಟ್ಟಿಯಿದ್ದರೆ ಗುಡಿಯ ಗಂಟೆಗೆ ತಂಗಿಯಾಗಿ ಹುಟ್ಟಿದಂತೆ 'ಟಣ್' ಎನ್ನುತ್ತದೆ. ಒಳಗೆ ಎಳೆಯಷ್ಟು ಬಿರುಕಿದ್ದರೂ ನೆಗಡಿ ಹಿಡಿದವನಂತೆ 'ಢಬ್' ಎನ್ನುತ್ತದೆ. ಈ ಎರಡರ ನಡುವೆ ಇನ್ನೂ ಹದಿನಾರು ಸ್ವರಗಳಿವೆಯೆಂದು ಅಂಬಾರಾಯ ಹೇಳುತ್ತಾನೆ. ಆ ಹದಿನಾರನ್ನು ಅವನೊಬ್ಬನೇ ಕೇಳಿರುವುದರಿಂದ ಇದುವರೆಗೆ ಯಾರೂ ಅಲ್ಲಗಳೆದಿಲ್ಲ. ಚಿತ್ತಾಪುರದಿಂದ ಚಿಂಚೋಳಿಯವರೆಗೆ ಗುಡಿಗಾಗಲಿ ದರ್ಗಾಕ್ಕಾಗಲಿ ಹಾಸು ಹಾಕಿಸುವವರು, "ಅಂಬಾರಾಯ ಬಡದು ನೋಡಿದ ಕಲ್ಲೇನು?" ಎಂದು ಕೇಳಿಯೇ ಗಾಡಿಗೆ ಏರಿಸುತ್ತಿದ್ದರು.

ಇಂಥ ಅಂಬಾರಾಯನಿಗೆ ಈ ಸಲ ದೊಡ್ಡ ಮರ್ಯಾದೆಯೊಂದು ಒದಗಿ ಬಂದಿತ್ತು. ಕುರಕುಂಟಾದ ಹನುಮಂತ ದೇವರ ಗುಡಿಯ ಸುತ್ತ ಪ್ರದಕ್ಷಿಣೆಯ ಹಾದಿಗೆ ನಾಲ್ಕು ನೂರು ಫರ್ಸಿ ಬೇಕಾಗಿದ್ದವು. ಗುಡಿಯ ಒಳಗಿನ ಕಲ್ಲುಗಳನ್ನು ಒಂದು ಕಾಲಕ್ಕೆ ಆರಿಸಿದವನು ಅಂಬಾರಾಯನ ಅಪ್ಪ. ಅದರಲ್ಲಿ ಒಂದೂ ಇಂದಿನವರೆಗೆ ಸೀಳಿಲ್ಲ. ಹೊರಗಿನ ಹಾದಿಯನ್ನು ಮಗನೇ ಆರಿಸಲಿ ಎಂದು ಅರ್ಚಕ ನರಸಿಂಹಾಚಾರ್ಯರು ಹೇಳಿ ಕಳಿಸಿದ್ದರು. ಅಂದಿನಿಂದ ಅಂಬಾರಾಯನ ಎದೆ ಅವನಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿತ್ತು.

"ಒಳಗ ಅಪ್ಪನ ಕಲ್ಲು, ಹೊರಗ ನಂದು. ಹನುಮಪ್ಪನ್ನ ನಾವಿಬ್ಬರು ಸೇರಿ ಕಾಯ್ತೀವಿ," ಎಂದು ಹೆಂಡತಿ ಅಮೃತಮ್ಮನಿಗೆ ದಿನಕ್ಕೊಮ್ಮೆ ಹೇಳುತ್ತಿದ್ದ.

"ಹನುಮಪ್ಪ ಇಷ್ಟು ದಿನ ಹ್ಯಾಂಗ ಇದ್ನೋ ಪಾಪ," ಎಂದು ಅಮೃತಮ್ಮ ರೊಟ್ಟಿ ಬಡಿಯುತ್ತಿದ್ದಳು.

ಇಂಥ ಹೊತ್ತಿನಲ್ಲಿ ಅಳಿಯನ ಮಷೀನು ಬಂತು.

ಅಳಿಯ ಅಶೋಕಕುಮಾರ ವಾಡಿಯಲ್ಲಿ ರೈಲ್ವೆ ನೌಕರ. ಒಂದು ಐತವಾರ ಬಂದವನು ಡಬ್ಬಿಯೊಂದನ್ನು ಮಾವನ ಮುಂದೆ ಬಿಚ್ಚಿದ. ಒಳಗೆ ಎತ್ತಿನ ನೊಗದಂತೆ ಬಾಗಿದ ಕರಿ ಪಟ್ಟಿ. ಎರಡು ತುದಿಗೆ ಎರಡು ಮೆತ್ತನೆಯ ಬಟ್ಟಲು.

"ಹೆಡ್‌ಫೋನ್ ಅಂತಾರ್ರಿ ಮಾವ. ಮನಿ ಹಿಂದ ಮಜೀದಸಾಬರ ಪಾಲಿಶ್ ಮಷೀನು ಹಗಲೆಲ್ಲ ಘರ್ ಅಂತದಲ್ಲ, ಇದು ಹಾಕ್ಕೊಂಡ್ರ ಆ ಸಪ್ಪಳ ಸತ್ತಂಗ."

"ಹತ್ತಿ ತುಂಬ್ಯಾರೇನು?"

"ಹತ್ತಿ ಅಲ್ರಿ. ಹೊರಗಿನ ಸಪ್ಪಳ ಒಳಗ ಬಂತಂದ್ರ ಇದು ಅಷ್ಟೇ ಸಪ್ಪಳ ಉಲ್ಟಾ ಮಾಡಿ ಬಿಡ್ತದ. ಎರಡೂ ಹೊಡದಾಡಿ ಸಾಯ್ತಾವ."

"ಇದ್ದ ಜಗಳ ಸಾಲಂಗಿಲ್ಲಂತ ಇನ್ನೊಂದು ತಂದ್ಯಪ್ಪ," ಎಂದು ಅಮೃತಮ್ಮ ಒಳಗಿನಿಂದ ಅಂದಳು.

"ಇದರ ವೈರ್ ಎಲ್ಲದ?" ಅಂಬಾರಾಯ ಕೆಳಗೆ ಮೇಲೆ ಮಾಡಿ ನೋಡಿದ.

"ವೈರೇ ಇಲ್ರಿ. ಗಾಳಿಯಾಗ ನಡೀತದ."

ಅಂಬಾರಾಯನಿಗೆ ಆಸೆಯಾಯಿತು. ಆದರೆ ಮಗಳನ್ನು ಕೊಟ್ಟ ಮನೆಯಿಂದ ಅಡಿಕೆ ಚೂರನ್ನೂ ತೆಗೆದುಕೊಳ್ಳಬಾರದೆಂಬುದು ಹಿರಿಯರ ಮಾತು. ಅಳಿಯನಿಗೆ ಕೊಡುವುದುಂಟು, ಅಳಿಯನಿಂದ ಇಸಿದುಕೊಳ್ಳುವುದಿಲ್ಲ. ಅವನು ಡಬ್ಬಿಯನ್ನು ಒಂದು ಗೇಣು ಆಚೆ ಸರಿಸಿದ. ಕೈಯನ್ನು ಮಾತ್ರ ಡಬ್ಬಿಯ ಮೇಲೆಯೇ ಬಿಟ್ಟ.

ಅಶೋಕಕುಮಾರ ಬುದ್ಧಿವಂತ. "ಇಟ್ಕೋರಿ ಅಂತ ನಾ ಅನ್ನಂಗಿಲ್ಲ. ಹತ್ತು ದಿನ ನೋಡ್ರಿ. ಬ್ಯಾಡಾದ್ರ ತಂದಲ್ಲೇ ವಾಪಸ್ ಕಳಸ್ಲಿಕ್ಕ ಬರ್ತದ."

"ಕಲ್ಲಾದ್ರ ಐದು ಏಟಿಗೆ ಹೇಳ್ತೀನಿ. ಇದಕ್ಕ ಹತ್ತು ದಿನ ಯಾಕಪ್ಪ," ಎಂದು ಅಂಬಾರಾಯ ಗತ್ತಿನಿಂದ ಅಂದು, ಪರೀಕ್ಷೆಗೆಂದು ಮಾತ್ರ ಇಟ್ಟುಕೊಂಡ.

ಪರೀಕ್ಷೆಯೆಂದರೆ ಪರೀಕ್ಷೆ. ಅಂಗಳದ ಗೋಡೆಗೆ ಆನಿಸಿದ್ದ ಒಂದು ಫರ್ಸಿಯ ಮೇಲೆ ಸೀಮೆಸುಣ್ಣದಿಂದ ನಡುಗೆರೆ ಎಳೆದ. ಬಲಗಡೆ ಗುಣ, ಎಡಗಡೆ ಅವಗುಣ. ಆಮೇಲೆ ಕಟ್ಟೆಯ ಮೇಲೆ ಕುಳಿತು ಬಟ್ಟಲುಗಳನ್ನು ಕಿವಿಗೆ ಏರಿಸಿಕೊಂಡ.

ಐವತ್ತೆಂಟು ವರ್ಷದಲ್ಲಿ ಅಂಥದು ಅವನಿಗೆ ಆಗಿರಲಿಲ್ಲ. ವರ್ಷಗಟ್ಟಲೆ ಕೇಳಿದ್ದ ಘರ್ ಸದ್ದು ಉಂಡು ಮುಗಿಸಿದ ನೆಂಟನಂತೆ ಎದ್ದು ಹೊರಗೆ ನಡೆಯಿತು. ವಾಡಿ ಕಡೆಯ ಗೂಡ್ಸ್ ಗಾಡಿ ಕಾಲಿಗೆ ಅರಿವೆ ಸುತ್ತಿಕೊಂಡಂತೆ ದಾಟಿಹೋಯಿತು. ಅಂಬಾರಾಯನಿಗೆ ತನ್ನ ಉಸಿರು ತನಗೇ ಕೇಳಿಸಿತು. ದೊಡ್ಡವರು ಗುಹೆ ಹೊಕ್ಕು ತಪಸ್ಸು ಮಾಡಿ ಪಡೆದದ್ದು ಅಳಿಯನ ಡಬ್ಬಿಯಲ್ಲಿ ಬಂತಲ್ಲ ಎಂದು ಕಣ್ಣು ಒದ್ದೆಯಾಯಿತು. ಬಲಗಡೆ ಒಂದು ಗೆರೆ.

ಅಷ್ಟರಲ್ಲಿ ಬೆರಳು ಬಟ್ಟಲಿಗೆ ತಗಲಿ ಒಳಗೊಬ್ಬ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಕಿವಿಯಲ್ಲಿ ಕುಳಿತು ಪರಸ್ತ್ರೀ ಮಾತಾಡಿದರೆ ಏನನ್ನಬೇಕೋ ತಿಳಿಯದೆ ಅಂಬಾರಾಯ "ಹೂಂ ತಾಯಿ" ಅಂದ. ಅದು ಗುಣವೋ ಅವಗುಣವೋ ಗೊತ್ತಾಗದೆ ಆ ಗೆರೆಯನ್ನು ನಟ್ಟ ನಡುವೆ ಎಳೆದ.

ಮರುದಿನ ಮುಂಜಾನೆ ಅನಾಹುತವಾಯಿತು. ಅಂಬಾರಾಯ ಕಟ್ಟೆಯ ಮೇಲೆ ಕಣ್ಣು ಮುಚ್ಚಿ, ನೊಗ ಹೊತ್ತು ಕುಳಿತಿದ್ದ. ಓಣಿಗೆ ಹಿರಿಯಳಾದ ನೀಲಾಬಾಯಿ ಹಾಲಿನ ತಂಬಿಗೆ ಹಿಡಿದು ಹಾದು ಹೋಗುವಾಗ "ಶರಣ್ರಿ ಅಂಬಾರಾಯ" ಅಂದಳು. ಈ ಸೀಮೆಯಲ್ಲಿ ಶರಣು ಎಂದವರಿಗೆ ತಿರುಗಿ ಶರಣು ಎನ್ನದವನು ಇನ್ನೂ ಹುಟ್ಟಿಲ್ಲ. ಜಗಳಾಡುವವರೂ ಮೊದಲು ಶರಣು ಹೇಳಿ, ಆಮೇಲೆ ತೋಳು ಮೇಲೇರಿಸುತ್ತಾರೆ. ನೀಲಾಬಾಯಿ ಮೂರು ಸಲ ಶರಣು ಅಂದಳು. ಅಂಬಾರಾಯ ಕಣ್ಣು ತೆರೆಯದೆ ಮುಗುಳ್ನಕ್ಕ. ಅವನು ನಕ್ಕದ್ದು ಶಾಂತಿಗೆ. ಆದರೆ ನಗು ಯಾರಿಗೆಂದು ಮುಖದ ಮೇಲೆ ಬರೆದಿರುವುದಿಲ್ಲವಲ್ಲ.

ಮಧ್ಯಾಹ್ನ ಹಿಟ್ಟಿನ ಗಿರಣಿಯಲ್ಲಿ ಹತ್ತು ಮಂದಿಯ ನಡುವೆ ನೀಲಾಬಾಯಿ ಅಮೃತಮ್ಮನನ್ನು ನಿಲ್ಲಿಸಿದಳು.

"ನಿನ್ನ ಗಂಡಗ ಗುಡಿ ಕಲ್ಲು ಆರಸ್ಲಿಕ್ಕ ಕರದಾರಂತ ಸೊಕ್ಕು ಬಂದದೇನವ್ವ? ಮೂರು ಸಲ ಶರಣು ಅಂದೆ. ಮಹಾರಾಜ ನಕ್ಕೋಂತ ಕುಂತಿದ್ದ."

ಅಮೃತಮ್ಮ ನಿಂತಲ್ಲೇ ತೂಗಿ ನೋಡಿದಳು. ಊರ ಮಾತು ಕೇಳಿಸದಿರಲೆಂದೇ ಕಿವಿಗೆ ಬಟ್ಟಲು ಹಾಕಿಕೊಂಡಿದ್ದಾರೆ ಎಂದು ನಿಜ ಹೇಳಿದರೆ ಸೊಕ್ಕಿಗೆ ಸಾಕ್ಷಿ ಒದಗಿಸಿದಂತೆ. ಸೊಕ್ಕಿನವನಿಗೆ ಊರು ಶಾಪ ಹಾಕುತ್ತದೆ, ರೋಗಿಗೆ ಕನಿಕರ ತೋರಿಸುತ್ತದೆ.

"ಸೊಕ್ಕಲ್ಲ ನೀಲಕ್ಕ," ಎಂದು ಸೆರಗು ಮುಖಕ್ಕೆ ತಂದಳು. "ಅವರಿಗೆ ಕಿವಿ ಕೇಳಸವಲ್ವು. ಅಳಿಯ ಮಷೀನು ತಂದಾನ."

ಗಿರಣಿಯ ಪಟ್ಟಾ ಒಂದು ಸುತ್ತು ನಿಂತು ತಿರುಗಿತೆಂದು ಹೇಳುವವರಿದ್ದಾರೆ. ಚಿನಿವಾರನ ಹೆಂಡತಿ ತನ್ನ ಗಂಡನಿಗೆ ಬಂಗಾರ ಯಾವುದು ಹಿತ್ತಾಳೆ ಯಾವುದು ತಿಳಿಯದೆಂದು ಪೇಟೆಯಲ್ಲಿ ಸಾರಿದ ಹಾಗೆ ಆಯಿತು ಇದು. ಗಂಡನ ಮಾನ ಉಳಿಸುವ ಗಡಿಬಿಡಿಯಲ್ಲಿ ಅಮೃತಮ್ಮನಿಗೆ ಅದು ಹೊಳೆಯಲಿಲ್ಲ.

ಸಂಜೆಯೊಳಗೆ ಊರು ಅಂಬಾರಾಯನ ಜೊತೆ ಕೂಗಿ ಮಾತಾಡತೊಡಗಿತು. ಚಹಾದಂಗಡಿಯವನು ಎದುರಿಗೆ ನಿಂತು, ದೂರದ ಹೊಲದಲ್ಲಿರುವವನನ್ನು ಕರೆಯುವಂತೆ "ಸಕ್ಕರಿ ಕಮ್ಮಿ ಹಾಕಲೇನ್ರಿ" ಎಂದು ಅರಚಿದ. ಮಜೀದಸಾಬನ ಅಕ್ಕ ಅಖ್ತರ ಬೇಗಂ ಬೆಳ್ಳುಳ್ಳಿ ಕಾಸಿದ ಎಣ್ಣೆಯ ಬಟ್ಟಲು ತಂದು, "ಏಕ್ ಏಕ್ ಬೂಂದ್, ಒಂದೊಂದು ಹನಿ ಹಾಕ್ಕೋ ಭಾಯಿ," ಎಂದು ಕೂಗಿದ ಕೂಗಿಗೆ ಮರದ ಮೇಲಿನ ಗಿಳಿಗಳು ಹಾರಿಹೋದವು.

ಅಂಬಾರಾಯನಿಗೆ ಕಾರಣ ತಿಳಿಯದು. ಸುತ್ತಲಿನವರು ಇದ್ದಕ್ಕಿದ್ದಂತೆ ಯಾಕೆ ಒದರುತ್ತಾರೆ? ತಡೆಯಲಾರದೆ ಬಟ್ಟಲುಗಳನ್ನು ಕಿವಿಗೆ ಏರಿಸಿಕೊಂಡ. ಅವನು ಏರಿಸಿಕೊಂಡದ್ದನ್ನು ಕಂಡವರು ಪಾಪ, ಇನ್ನೂ ಕೇಳಿಸುತ್ತಿಲ್ಲವೆಂದು ಮತ್ತಷ್ಟು ಒದರಿದರು. ಅವರು ಒದರಿದಷ್ಟೂ ಇವನು ಬಟ್ಟಲು ಬಿಗಿದ. ಇವನು ಬಿಗಿದಷ್ಟೂ ಅವರು ಒದರಿದರು. ಅಂದು ಅವನು ಫರ್ಸಿಯ ಎರಡೂ ಕಡೆ ಒಂದೊಂದು ಗೆರೆ ಎಳೆದ. ಬಲಗಡೆಯದರ ಅರ್ಥ: ಒದರುವವರಿಂದ ಕಾಪಾಡುತ್ತದೆ. ಎಡಗಡೆಯದರ ಅರ್ಥ: ಇದು ಬಂದ ಮೇಲೆ ಜಗತ್ತು ಒದರಲು ಹತ್ತಿದೆ.

ಆರನೆಯ ದಿನ ಲಕ್ಷ್ಮಿಕಾಂತ ಎಂಬ ಸರಕಾರಿ ಮನುಷ್ಯ ಕೈಯಲ್ಲಿ ಫಾರಂ ಹಿಡಿದು ಬಂದ. ಕಿವಿ ಕೇಳಿಸದವರ ಪಟ್ಟಿಗೆ ತಿಂಗಳೊಳಗೆ ಇಪ್ಪತ್ತು ಹೆಸರು ಬೇಕಾಗಿದ್ದವು, ಹತ್ತೊಂಬತ್ತು ಸಿಕ್ಕಿದ್ದವು. ಅಂಬಾರಾಯ ಬಟ್ಟಲುಗಳನ್ನು ಕೊರಳಿಗೆ ಇಳಿಸಿ "ಶರಣ್ರಿ, ಬರ್ರಿ, ಕುಂದ್ರಿ" ಅಂದ.

"ನಿಮ್ಮ ಕಿವಿ ಸಲುವಾಗೇ ಬಂದೀನ್ರಿ," ಎಂದು ಲಕ್ಷ್ಮಿಕಾಂತ ಕಿವಿಯ ಬಳಿ ಬಾಯಿಟ್ಟು ಕೂಗಿದ.

ಅಂಬಾರಾಯನ ಎದೆ ಅರಳಿತು. ಮೂವತ್ತು ವರ್ಷ ಕಲ್ಲಿಗೆ ಕಿವಿ ಕೊಟ್ಟದ್ದು ಕೊನೆಗೂ ಸರಕಾರಕ್ಕೆ ತಿಳಿಯಿತೆಂದುಕೊಂಡ. ದೇವರ ಮನೆಯಲ್ಲಿ ತಡವಿರಬಹುದು, ಮರೆವಿಲ್ಲ.

"ಎಷ್ಟು ವರ್ಷ ಆತ್ರಿ?"

"ಸಣ್ಣಾಂವ ಇದ್ದಾಗಿಂದ. ನಮ್ಮಪ್ಪಗೂ ಇತ್ತು. ವಂಶದಾಗ ಬಂದದ."

ಲಕ್ಷ್ಮಿಕಾಂತ 'ಆನುವಂಶಿಕ' ಎಂದು ಬರೆದುಕೊಂಡ. ಕೊರಳಿನ ಬಟ್ಟಲುಗಳ ಗಾತ್ರ ನೋಡಿ ಗಾಬರಿಯಾದ. "ಇಷ್ಟು ದೊಡ್ಡ ಮಷೀನಂದ್ರ ನೂರಕ್ಕ ನೂರು ಹಾಕ್ತೀನ್ರಿ. ಡಾಕ್ಟರು ನೋಡಿ ಸಹಿ ಮಾಡಿದ್ರ ಸರ್ಟಿಫಿಕೇಟ್ ಬರ್ತದ."

ನೂರಕ್ಕೆ ನೂರು. ನಾಲ್ಕನೇ ಇಯತ್ತೆಯಲ್ಲಿ ಮೂವತ್ತೈದು ದಾಟದ ಅಂಬಾರಾಯ ಅಂದು ಊರೆಲ್ಲ ತಿರುಗಿದ. "ನನ್ನ ಕಿವಿಗೆ ಸರಕಾರದಿಂದ ಸರ್ಟಿಫಿಕೇಟ್ ಬರ್ಲಕತ್ತದ. ನೂರಕ್ಕ ನೂರು," ಎಂದು ಕಂಡವರಿಗೆಲ್ಲ ಹೇಳಿದ. ಕಂಡವರು ಅವನ ಬೆನ್ನು ಸವರಿದರು. ಹೆಂಗಸರು ಲೊಚಗುಟ್ಟಿದರು. ಒಬ್ಬ ಮುದುಕನಂತೂ ಅವನ ಎರಡೂ ಕೈ ಹಿಡಿದು ಅತ್ತುಬಿಟ್ಟ. ತನ್ನ ಏಳಿಗೆಗೆ ಊರು ಇಷ್ಟು ಕರಗುತ್ತದೆಂದು ಅಂಬಾರಾಯ ಎಣಿಸಿರಲಿಲ್ಲ. ಮನೆಗೆ ಬಂದು ಹೇಳಿದಾಗ ಅಮೃತಮ್ಮನ ಕೈಯಿಂದ ರೊಟ್ಟಿ ಒಲೆಗೆ ಬಿತ್ತು. ಅವಳು ಬಾಯಿ ತೆರೆದಳು. ಆದರೆ ಗಂಡನ ಮುಖದ ಬೆಳಕು ನೋಡಿ ಮತ್ತೆ ಮುಚ್ಚಿದಳು.

ಸುದ್ದಿ ಕುರಕುಂಟಾ ಮುಟ್ಟಿತು.

ಹತ್ತನೆಯ ದಿನ ಅಂಬಾರಾಯ ಮಜೀದಸಾಬನ ಪಾಲಿಶ್ ಕಾರಖಾನೆಯಲ್ಲಿ ಗುಡಿಯ ಕಲ್ಲು ಆರಿಸಲು ಸಜ್ಜಾಗಿ ನಿಂತಿದ್ದ. ಮೊದಲ ಹತ್ತು ಫರ್ಸಿ ಗೋಡೆಗೆ ಸಾಲಾಗಿ ಆನಿಸಿದ್ದರು. ನರಸಿಂಹಾಚಾರ್ಯರು ಬಂದರು. ಅವರು ಸೂಕ್ಷ್ಮ ಸ್ವಭಾವದವರು. ಕಿವುಡನ ಮುಂದೆ ಕೂಗಿ ಅವನ ಮನಸ್ಸು ನೋಯಿಸಬಾರದೆಂದು ಮನೆಯಲ್ಲೇ ಚೀಟಿ ಬರೆದುಕೊಂಡು ಬಂದಿದ್ದರು. ಕೈ ಮುಗಿದು ಅದನ್ನು ಅಂಬಾರಾಯನ ಮುಖದ ಮುಂದೆ ಹಿಡಿದರು.

ಅಂಬಾರಾಯ ಅದು ಮಾನಪತ್ರವೆಂದುಕೊಂಡು, ನಾಲ್ಕು ಮಂದಿಗೆ ಕೇಳಲೆಂದು ಜೋರಾಗಿ ಓದಿದ. "ಶ್ರೀ ಅಂಬಾರಾಯ ಅವರಿಗೆ ನಮಸ್ಕಾರಗಳು. ತಮ್ಮ ಕಿವಿ ಹೋದ ಸುದ್ದಿ ಕೇಳಿ ವ್ಯಥೆಯಾಯಿತು. ತಾವು ವಿಶ್ರಾಂತಿ ಪಡೆಯಿರಿ. ಕಲ್ಲುಗಳನ್ನು ಬೇರೆಯವರಿಂದ..."

ಅವನು ನಿಂತ. ಚೀಟಿಯನ್ನು ತಿರುಗಿಸಿ ನೋಡಿದ. ಹಿಂದೆ ಏನೂ ಇರಲಿಲ್ಲ.

"ಯಾರ ಕಿವಿ ಹೋಗ್ಯಾವ?"

ಮಜೀದಸಾಬ ನೆಲ ನೋಡಿದ. "ನಿಂದೇ ಅಂಬಾರಾಯಣ್ಣ. ಸರ್ಟಿಫಿಕೇಟ್ ಬರ್ತದಂತ ನೀನೇ ಅಂದೆಲ್ಲ."

ಹತ್ತು ದಿನದ ಕೂಗು, ಬೆಳ್ಳುಳ್ಳಿ ಎಣ್ಣೆ, ಮುದುಕನ ಕಣ್ಣೀರು ಎಲ್ಲವೂ ಅಂಬಾರಾಯನ ತಲೆಯಲ್ಲಿ ಸಾಲಾಗಿ ಬಂದು ಕುಳಿತವು. "ಆಚಾರ್ರೇ, ನನಗ ಬರೊಬ್ಬರಿ ಕೇಳಸ್ತದ," ಅಂದ.

"ನಮ್ಮ ಸೋದರಮಾವನೂ ಹೀಗೇ ಅಂತಿದ್ರು," ಎಂದು ಆಚಾರ್ಯರು ನಿಟ್ಟುಸಿರಿಟ್ಟರು. "ತಪ್ಪು ತಿಳಕೋಬ್ಯಾಡ್ರಿ. ಬರಿಗಾಲಿನ್ಯಾಗ ಮಂದಿ ಪ್ರದಕ್ಷಿಣಿ ಹಾಕೋ ಹಾದಿ ಅದು. ಒಂದು ಕಲ್ಲು ಸೀಳಿದ್ರ ನಾ ದೇವರಿಗೇನು ಹೇಳಲಿ?"

ಅಂಬಾರಾಯನ ಮುಖ ಕರಿ ಫರ್ಸಿಯ ಬಣ್ಣಕ್ಕೆ ತಿರುಗಿತು. ಕೊರಳಲ್ಲಿದ್ದ ಹೆಡ್‌ಫೋನು ತೆಗೆದು ಮಜೀದಸಾಬನ ಕೈಗೆ ಕೊಟ್ಟ. "ಪಾಲಿಶ್ ಮಷೀನು ಚಾಲೂ ಇರಲಿ," ಎಂದು ಹೇಳಿ ಸರಳು ಎತ್ತಿದ.

ಘರ್ ಸದ್ದಿನ ನಡುವೆ ಒಂದೊಂದು ಕಲ್ಲಿಗೂ ಐದೈದು ಏಟು ಬಿದ್ದವು. ಗೇಟಿನ ಹತ್ತಿರ ಜನ ಸೇರಿದರು. ನೀಲಾಬಾಯಿ ಎಲ್ಲರಿಗಿಂತ ಮುಂದೆ ಬಂದು ನಿಂತಳು. ಏಳನೆಯ ಕಲ್ಲಿನ ನಡುವಿಗೆ ಬಡಿದವನು ಸರಳು ಕೆಳಗಿಳಿಸಿದ.

"ಇದು ಬ್ಯಾಡ. ಎಡಗಡೆ ಮ್ಯಾಲಿನ ಮೂಲಿಯಿಂದ ನಡುವಿನ ತನಕ ಬಿರುಕು ಬಿಟ್ಟದ."

"ಅರೆ, ಇದು ನನ್ನ ಎಲ್ಲಾ ಕಲ್ಲಿನಾಗ ನಂಬರ್ ಒಂದು," ಅಂದ ಮಜೀದಸಾಬ. ಕಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು.

"ನೀರು ಹಾಕು."

ಒಂದು ಕೊಡ ನೀರು ಸುರಿದರು. ಎಲ್ಲರೂ ಉಸಿರು ಹಿಡಿದು ಕಲ್ಲು ಒಣಗುವುದನ್ನು ಕಾಯ್ದರು. ಬಿಸಿಲಿಗೆ ಕಲ್ಲೆಲ್ಲ ಬೆಳ್ಳಗಾಗುತ್ತ ಬಂತು. ಎಡಗಡೆ ಮೇಲಿನ ಮೂಲೆಯಿಂದ ನಡುವಿನವರೆಗೆ ಕೂದಲಿನಷ್ಟು ಸಣ್ಣ ಕರಿ ಗೆರೆಯೊಂದು ಮಾತ್ರ ನೀರು ಕುಡಿದು ಹಾಗೆಯೇ ಉಳಿಯಿತು.

ಅಂಬಾರಾಯ ಎದೆ ಉಬ್ಬಿಸಿ ತಿರುಗಿದ. ಜನ ಬಾಯಿ ತೆರೆದು ನೋಡುತ್ತಿದ್ದರು. ಆದರೆ ಅವರು ನೋಡುತ್ತಿದ್ದದ್ದು ಮಜೀದಸಾಬನ ಕೈಯಲ್ಲಿದ್ದ ಹೆಡ್‌ಫೋನನ್ನು.

"ಭಾರಿ ಮಷೀನು ಬಿಡ್ರಿ," ಎಂದ ಚಹಾದಂಗಡಿಯವನು.

"ಅದು ನನ್ನ ಕಿವಿಯಾಗ ಇದ್ದಿಲ್ಲಲೇ," ಎಂದ ಅಂಬಾರಾಯ.

"ಅದಕ್ಕೇ ವೈರ್ ಇಲ್ಲಲ್ರಿ. ದೂರಿದ್ರೂ ಗಾಳಿಯಾಗ ನಡೀತದ. ನಿಮ್ಮಳಿಯಾನೇ ಹೇಳ್ಯಾನ."

"ಅದನ್ನ ಮನಿಗೆ ಕಳಿಸಿ ಮತ್ತ ಬಡದು ತೋರಸ್ತೀನಿ."

"ಮನಿ ಇಲ್ಲೇ ಹಿಂದ ಅದಲ್ಲಣ್ಣ," ಎಂದ ಮಜೀದಸಾಬ. "ರೇಂಜ್ ಇರ್ತದ." ಅವನು ಹೆಡ್‌ಫೋನನ್ನು ಹೂವಿನಂತೆ ಹಿಡಿದುಕೊಂಡಿದ್ದ. ಆಚಾರ್ಯರೂ ಸಮಾಧಾನದ ಮುಖ ಮಾಡಿ, "ಮಷೀನಾದ್ರೂ ಅಡ್ಡಿ ಇಲ್ಲ. ಅಷ್ಟೂ ಕಲ್ಲು ನೀವೇ ಆರಸ್ರಿ, ಆದ್ರ ಇದನ್ನ ಮರೀದಂಗ ತರ್ರಿ," ಅಂದರು.

ಕೆಲಸ ಉಳಿಯಿತು. ಸುಮ್ಮನಿದ್ದಿದ್ದರೆ ಎಲ್ಲವೂ ಸುಖವಾಗಿ ಮುಗಿಯುತ್ತಿತ್ತು. ಆದರೆ ಒಳಗೆ ಅಪ್ಪನ ಕಿವಿ, ಹೊರಗೆ ಅಳಿಯನ ಮಷೀನು ಎಂದಾದರೆ ನಡುವೆ ಅಂಬಾರಾಯ ಎಲ್ಲಿ? ಅವನ ಕೈಯ ಸರಳು ಮೊದಲ ಬಾರಿಗೆ ಭಾರವೆನಿಸಿತು.

ಅಮೃತಮ್ಮ ರೊಟ್ಟಿಯ ಗಂಟು ಹಿಡಿದು ಬಂದವಳು ಆಚಾರ್ಯರ ಮಾತು ಕೇಳಿದಳು, ಗಂಡನ ಆ ಮುಖ ನೋಡಿದಳು. ಗಂಟನ್ನು ಕಲ್ಲಿನ ಮೇಲಿಟ್ಟು ಆಚಾರ್ಯರ ಮುಂದೆ ಬಂದು ನಿಂತಳು.

"ಅದು ಕೇಳ್ಸೋ ಮಷೀನಲ್ರಿ ಆಚಾರ್ರೇ, ಕೇಳಸದಂಗ ಮಾಡೋ ಮಷೀನು. ನೀವೇ ಹಾಕ್ಕೊಂಡು ನೋಡ್ರಿ."

ಆಚಾರ್ಯರು ಅನುಮಾನಿಸುತ್ತ ಬಟ್ಟಲುಗಳನ್ನು ಶಿಖೆಯ ಮೇಲಿಂದ ಇಳಿಸಿಕೊಂಡರು. ಪಾಲಿಶ್ ಮಷೀನು ಘರ್ರೆನ್ನುತ್ತಲೇ ಇತ್ತು. ಅವರ ಹುಬ್ಬು ಮೇಲೇರಿತು. ಕಣ್ಣು ಮೆಲ್ಲಗೆ ಮುಚ್ಚಿತು. ಬೆರಳು ತನ್ನಷ್ಟಕ್ಕೆ ಜಪದ ಎಣಿಕೆಗೆ ಇಳಿಯಿತು. ಜನ ಕಾಯ್ದರು. ಮಜೀದಸಾಬ ಭುಜ ಮುಟ್ಟಿದಾಗ ಕಣ್ಣು ತೆರೆಯದೆ, "ಇನ್ನ ಜರಾ," ಅಂದರು. ಒಂದು ಮಾಲೆ ಮುಗಿದ ಮೇಲೆಯೇ ತೆಗೆದದ್ದು.

"ಹೌದು. ಏನೂ ಕೇಳಸಂಗಿಲ್ಲ," ಎಂದರು. "ಕಿವುಡರಿಗೆ ಇದು ಯಾಕ ಮತ್ತ?"

"ಅವರು ಕಿವುಡರಲ್ರಿ. ನಾ ಸುಳ್ಳು ಹೇಳೀನಿ," ಎಂದಳು ಅಮೃತಮ್ಮ. "ನೀಲಕ್ಕ ಶರಣು ಅಂದಾಗ ಇವರು ಅನ್ನಲಿಲ್ಲ. ಸೊಕ್ಕು ಅಂತೀರಂತ ಹೆದರಿ ಹಂಗಂದೆ."

ಎಲ್ಲರ ಕಣ್ಣು ನೀಲಾಬಾಯಿಯ ಕಡೆ ತಿರುಗಿದವು. ನೀಲಾಬಾಯಿ ಸೆರಗು ನಡುವಿಗೆ ಸಿಗಿಸಿ ಮುಂದೆ ಬಂದಳು.

"ಹಂಗಾದ್ರ ಅವತ್ತು ನಕ್ಕಿದ್ದು ಸೊಕ್ಕಿಗೇ ಏನು?"

ಮಜೀದಸಾಬ ಅಂಬಾರಾಯನ ಪಕ್ಕೆಗೆ ತಿವಿದು, "ನಿದ್ದಿ ಹತ್ತಿತ್ತು ಅನ್ನು," ಎಂದು ಪಿಸುಗುಟ್ಟಿದ. ಅಮೃತಮ್ಮ ಕಣ್ಣಿನಲ್ಲೇ ಬೇಡಿದಳು. ಅಂಬಾರಾಯ ಇಬ್ಬರನ್ನೂ ನೋಡಿದ. ಹತ್ತು ದಿನ ಗೆರೆ ಎಳೆದು ತೂಗಿದವನಿಗೆ ಈ ತೂಕ ಒಂದು ಉಸಿರಿನಲ್ಲಿ ಮುಗಿಯಿತು.

"ಹೌದು ನೀಲಕ್ಕ. ಇಂಥ ಕಿವಿ ಊರ ಸಪ್ಪಳಕ್ಕ ಯಾಕ ಸವೀಬೇಕು, ಜರಾ ಎತ್ತಿ ಇಡೂಣು ಅನ್ಸಿತ್ತು. ಸೊಕ್ಕೇ ಅದು. ತಪ್ಪಾತು, ಶರಣು." ಸರಳನ್ನು ಬಗಲಿಗೆ ಸಿಗಿಸಿ ಎರಡೂ ಕೈ ಜೋಡಿಸಿದ. ತಲೆ ಮಾತ್ರ ಬಾಗಲಿಲ್ಲ.

ನೀಲಾಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಏಳನೆಯ ಕಲ್ಲಿನ ಕರಿ ಗೆರೆಯನ್ನೂ ನೋಡಿದಳು. ಆಮೇಲೆ ಜನರ ಕಡೆ ತಿರುಗಿ, ಗೆದ್ದವಳ ದನಿಯಲ್ಲಿ, "ನಾ ಮೊದಲ ದಿನಾನೇ ಹೇಳಿದ್ದೆ, ಸೊಕ್ಕು ಅಂತ. ಯಾರು ಕೇಳಿದ್ರಿ? ಸುಮ್ನ ಎಣ್ಣಿ ಹಾಳು ಮಾಡಿದ್ರಿ," ಅಂದಳು. ಆಚಾರ್ಯರಿಗೆ ಹೇಳಿದಳು, "ಇಷ್ಟು ಕೇಳಸಾಂವಗ ಅಷ್ಟು ಸೊಕ್ಕು ಇರ್ತದ್ರಿ. ನಮ್ಮೂರಾಗ ಇಂಥ ಕಿವಿ ಇನ್ನೊಂದು ಎಲ್ಲದ? ಕಲ್ಲು ಇವನ ಕಡಿಂದಾನೇ ಆರಸ್ರಿ."

ಆಚಾರ್ಯರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸೇರಿಸಿಕೊಂಡು, "ಮುಂದಿನ ಹತ್ತು ಕಲ್ಲು ನಿಂದರಸ್ರಿ," ಅಂದರು.

ಅಷ್ಟರಲ್ಲಿ ಅಂಬಾರಾಯನ ಮೊಬೈಲು ಕುಣಿಯಿತು. ವಾಡಿಯಿಂದ ಅಳಿಯ. ಅವನ ಹಿಂದೆ ಗಾಡಿಯೊಂದು ಕೂಗುತ್ತಿತ್ತು, ಇತ್ತ ಪಾಲಿಶ್ ಮಷೀನು.

"ಮಾವ, ಇವತ್ತಿಗೆ ಹತ್ತು ದಿನ. ಇಟ್ಕೋತೀರೇನು, ವಾಪಸ್ ಕಳಸ್ಲೇನು?"

"ವಸ್ತು ಛಲೋ ಅದ. ನನಗ ಬ್ಯಾಡ."

"ಏನಂದ್ರಿ? ಭಾಳ ಸಪ್ಪಳ ಅದ ಮಾವ, ಏನೂ ಕೇಳಸವಲ್ದು."

ಅಂಬಾರಾಯ ಸುತ್ತ ನಿಂತವರನ್ನೆಲ್ಲ ಒಂದು ಸುತ್ತು ನೋಡಿ, ಹೊಸದಾಗಿ ನಿಲ್ಲಿಸಿದ ಕಲ್ಲಿನ ಮುಂದೆ ಸರಳು ಎತ್ತಿದ.

"ನನಗ ನೀ ಅಂದಿದ್ದು, ನಿನ್ನ ಹಿಂದ ಗಾಡಿ ಕೂಗಿದ್ದು, ಎರಡೂ ಕೇಳಸ್ಯಾವಪ್ಪ. ಕೇಳಸದಾಂವ ನೀನು. ಮಷೀನು ನೀನೇ ಇಟ್ಕೋ."

ಕಲ್ಲು ಟಣ್ ಅಂದಿತು.